ಸಹಾಯ ಬೇಕು: ಕಾಸರಗೋಡಿನ ಕನ್ನಡ ಮಾಧ್ಯಮ ಟೀಚರುಗಳಲ್ಲಿ ಒಂದು ಕೋರಿಕೆ

ಎಲ್ಲರಿಗೂ ನಮಸ್ಕಾರ. ನಾನು ವಿಶ್ವವಿದ್ಯಾಲಯವೊಂದರ ಶಿಕ್ಷಣ ವಿಭಾಗದಲ್ಲಿ ನಮ್ಮ ಕನ್ನಡ ಶಾಲೆಗಳ ಬಗ್ಗೆ ಸಂಶೋಧನೆ ಮಾಡುತ್ತಿದ್ದೇನೆ.

ಭಾಷಾ ಅಲ್ಪಸಂಖ್ಯಾತ ಮಕ್ಕಳು ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯಲ್ಲೇ ಕಲಿಯಲು ಸೌಲಭ್ಯ ಇರಬೇಕು ಅನ್ನುವ 350ಎ ವಿಧಿ 1956ರಲ್ಲೇ ಸಂವಿಧಾನಕ್ಕೆ ಸೇರಿದೆ. ಆದರೆ ನಾನು ನೋಡಿದ ಒಂದು ತರಗತಿಯಲ್ಲಿ ಗಣಿತದ ಮೇಷ್ಟ್ರಿಗೆ ಕನ್ನಡ ಬಾರದು. ಮುಂದಿನ ಬೆಂಚಿನ ಹುಡುಗಿ ಅವರ ಮಾತನ್ನು ಕನ್ನಡದಲ್ಲಿ ಪಿಸುಗುಟ್ಟುತ್ತಿದ್ದಳು, ಉಳಿದವರು ಬರೆದುಕೊಳ್ಳುತ್ತಿದ್ದರು. ಇದು ದಾಖಲಾಗಬೇಕು, ಅಲ್ವಾ?

ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆಯ ಟೀಚರುಗಳು, ನಿವೃತ್ತರೂ ಸಹ, ದಯವಿಟ್ಟು ಮಾತಾಡಲು ಸಿಗಿ. ಚೆನ್ನಾಗಿ ಕಲಿಸುವವರ ಕ್ಲಾಸಲ್ಲಿ ಕೂರುವ ಆಸೆ ಇನ್ನೂ ಜಾಸ್ತಿ. ತುಳು, ಮಲಯಾಳ ಮನೆಮಾತಿನ ಮಕ್ಕಳಿಗೆ ಪಾಠ ಹೇಗೆ ಮುಟ್ಟಿಸುತ್ತೀರಿ ಅಂತ ನೋಡಬೇಕು. ಪಿಟಿಎ (ಪೋಷಕರ-ಶಿಕ್ಷಕರ ಸಂಘ) ಕೊಟ್ಟ ಹಳೆಯ ಮನವಿಗಳಿದ್ದರೆ ಫೋಟೋ ಕಳಿಸಿ. ನಿಮ್ಮ ಹೆಸರು, ಶಾಲೆಯ ಹೆಸರು ಎಲ್ಲೂ ಬರುವುದಿಲ್ಲ. ಇಲ್ಲೇ ಮೆಸೇಜ್ ಮಾಡಿ.