ಅಪ್‌ಡೇಟ್: 29 ವಾರಕ್ಕೆ ಹುಟ್ಟಿದ ಮಗಳ ಈಗಿನ ಸ್ಥಿತಿ

ಅವಧಿಗೆ ಮುನ್ನ, 29 ವಾರಕ್ಕೇ ಹುಟ್ಟಿದ ನಮ್ಮ ಮಗಳ ತಲೆಯ ಸ್ಕ್ಯಾನಿನಲ್ಲಿ ಮೆದುಳಿನ ಕುಹರಗಳ (ಒಳಗಿರುವ, ದ್ರವ ತುಂಬಿದ ಪೊಳ್ಳುಗಳ) ಪಕ್ಕದ ಬಿಳಿ ಭಾಗಕ್ಕೆ ಹಾನಿಯಾಗಿರುವುದು ಕಂಡಾಗ, ಮುಂದೆ ಅವಳು ನಡೆದಾಳೇ, ಮಾತಾಡಿಯಾಳೇ ಎಂದು ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಕೃತಜ್ಞತೆಗಳು.

ಈಗ ಅವಳಿಗೆ ಮೂರು ವರ್ಷ ತುಂಬಿದೆ. ಕಾಲುಗಳ ಸ್ನಾಯುಗಳಲ್ಲಿ ಬಿಗಿತವಿದ್ದು, ಕಾಸರಗೋಡಿನ ಬದಿಯಡ್ಕದ ನಮ್ಮ ಮನೆಯ ಜಗಲಿಯಲ್ಲಿ ಗೋಡೆ ಹಿಡಿದುಕೊಂಡು, ಹಿಮ್ಮಡಿ ನೆಲಕ್ಕೆ ತಾಗಿಸದೆ ತುದಿಗಾಲಿನಲ್ಲಿ ನಡೆಯುತ್ತಾಳೆ. ಕಾಲುಗಳಿಗೆ ಹೋಗುವ ನರತಂತುಗಳು ಕುಹರಗಳಿಗೆ ತೀರ ಹತ್ತಿರದಲ್ಲಿ ಹಾದುಹೋಗುವುದರಿಂದ, ಇಂಥ ಹಾನಿಯಲ್ಲಿ ಕೈಗಳಿಗಿಂತ ಕಾಲುಗಳಿಗೇ ಹೆಚ್ಚು ಪೆಟ್ಟು ಬೀಳುತ್ತದೆ ಎಂದು ಮಂಗಳೂರಿನ ವೈದ್ಯರು ವಿವರಿಸಿದರು. ಮಾತಿಗೆ ಮಾತ್ರ ಬರವಿಲ್ಲ. ಮನೆಯಲ್ಲಿ ಕನ್ನಡ, ಫಿಸಿಯೋಥೆರಪಿ ಮಾಡಿಸುವ ಚೇಚಿಯೊಡನೆ (ಅಕ್ಕನೊಡನೆ) ಮಲಯಾಳ.

ಎರಡು ವರ್ಷದವರೆಗೆ ಬೆಳವಣಿಗೆಯನ್ನು ಹೆರಿಗೆಗೆ ಕೊಟ್ಟಿದ್ದ ತಾರೀಕಿನಿಂದ ಲೆಕ್ಕ ಹಾಕಬೇಕೆಂಬ ಸಲಹೆ ಬಹಳ ಉಪಯೋಗಕ್ಕೆ ಬಂತು. ನೆರೆಮನೆಯ ಮಕ್ಕಳೊಡನೆ ಹೋಲಿಸುತ್ತಿದ್ದ ಹಿರಿಯರ ಬಾಯಿಗೂ ಅದರಿಂದ ತಕ್ಕಮಟ್ಟಿಗೆ ಬೀಗ ಬಿತ್ತು. ಕಲಿಕೆ, ಗಮನ ಹಾಗೂ ದೃಷ್ಟಿಗ್ರಹಿಕೆಯ (ಕಂಡದ್ದನ್ನು ಅರ್ಥಮಾಡಿಕೊಳ್ಳುವ) ತೊಂದರೆಗಳು ಕೆಲವು ಮಕ್ಕಳಲ್ಲಿ ಶಾಲೆಗೆ ಸೇರಿದ ಮೇಲಷ್ಟೇ ಕಾಣಿಸಿಕೊಳ್ಳುವುದರಿಂದ, ನಡಿಗೆ ಸುಧಾರಿಸಿದರೂ ತಪಾಸಣೆ ನಿಲ್ಲಿಸಬಾರದೆಂದು ವೈದ್ಯರು ಹೇಳಿದ್ದಾರೆ. ಸದ್ಯ ಹಿಮ್ಮಡಿ ನೆಲಕ್ಕೂರುವಂತೆ ಕಾಲಿಗೆ ಹಾಕುವ ಸ್ಪ್ಲಿಂಟಿಗೆ ಅಳತೆ ಕೊಟ್ಟು ಬಂದಿದ್ದೇವೆ.