ಪ್ರಿಂಟ್‌ಕೆ (ಕರ್ನಲ್ ಲಾಗ್‌ಗೆ ಸಂದೇಶ ಬರೆಯೋ ಸಾಲು) ಹಾಕಿದರೆ ಸರಿ, ತೆಗೆದರೆ ಕೊನೆಯ 64 ಬೈಟ್ ಹಳೇದು. ಯಾರಾದರೂ ನೋಡಿ!

ಹಿಂಜವಡಿ_ಗದಗಿನವ:
ಮೂರು ದಿನದಿಂದ ತಲೆ ಕೆಟ್ಟಿದೆ. ಕ್ಯಾಮೆರಾ ಕಾರ್ಡ್‌ಗೆ ಲಿನಕ್ಸ್ ಡ್ರೈವರ್ ಬರೆಯುತ್ತಿದ್ದೇನೆ. ಇಂಟರಪ್ಟ್ (ಕಾರ್ಡ್ ಸಿಪಿಯುಗೆ ಕೊಡೋ ಸಂಕೇತ) ಬರುತ್ತದೆ, ಫ್ರೇಮ್ ಮುಗಿಯಿತು ಅನ್ನೋ ಬಿಟ್ ಕೂಡ 1. ಆದರೆ ಬಫರ್‌ನ ಕೊನೆಯ 64 ಬೈಟ್ ಹಿಂದಿನ ಫ್ರೇಮಿನದು. ಚಿತ್ರದ ಬಲಗಡೆ ಕೆಳಮೂಲೆಯಲ್ಲಿ ಸಣ್ಣ ಗೆರೆ ಕುಣಿಯುತ್ತದೆ. ಪ್ರಿಂಟ್‌ಕೆ ಹಾಕಿದರೆ ಗೆರೆ ಮಾಯ. ಕೋಡ್ ಸರಿಯಾಗೇ ಇದೆ.

ಕೋಥ್ರೂಡ್_ಕರ್ನಲ್:
ಎಎಸ್‌ಪಿಎಂ, ಅಂದರೆ ಪಿಸಿಐಇ ಲಿಂಕಿನ ವಿದ್ಯುತ್ ಉಳಿತಾಯ. ಕಣ್ಣು ಮುಚ್ಚಿ ಹೇಳ್ತೀನಿ. ಬೂಟ್ ಲೈನ್‌ನಲ್ಲಿ ಪಿಸಿಐಇ_ಎಎಸ್‌ಪಿಎಂ=ಆಫ್ ಹಾಕಿ.

ಹಿಂಜವಡಿ_ಗದಗಿನವ:
ಹಾಕಿದೆ. ಗೆರೆ ಅಲ್ಲೇ ಇದೆ.

ಕೋಥ್ರೂಡ್_ಕರ್ನಲ್:
ಬಯಾಸ್‌ನಲ್ಲೂ ಆಫ್ ಮಾಡಿದ್ರಾ?

ಬೆಳಗಾವಿ_ಬಿಟ್ಸ್:
ಸ್ವಾಮಿ, ಎಎಸ್‌ಪಿಎಂ ಬಿಡಿ. ಕಾರ್ಡ್ 32 ಬಿಟ್, ಮೆಷಿನ್‌ನಲ್ಲಿ 16 ಜಿಬಿ. ಐಒಎಂಎಂಯು (ಕಾರ್ಡ್ ಬಳಸೋ ಮೆಮೊರಿ ವಿಳಾಸ ಬದಲಿಸೋ ಹಾರ್ಡ್‌ವೇರ್) ಇಲ್ಲದಿದ್ದರೆ ಬೌನ್ಸ್ ಬಫರ್ (ಕಾರ್ಡ್‌ಗೆ ಎಟುಕೋ ಜಾಗದಲ್ಲಿನ ತಾತ್ಕಾಲಿಕ ಬಫರ್) ಬರುತ್ತೆ. ಅಲ್ಲಿಂದ ನಿಮ್ಮ ಬಫರ್‌ಗೆ ನಕಲು ಮಾಡಿಸೋ ಡಿಎಂಎ ಸಿಂಕ್ ಮರೆತಿದ್ದೀರಿ.

ಕೋಥ್ರೂಡ್_ಕರ್ನಲ್:
32 ಬಿಟ್, 16 ಜಿಬಿ ಅಂತ ಅವರು ಎಲ್ಲಿ ಹೇಳಿದ್ರು? ಸಿಂಕ್ ಮರೆತಿದ್ದರೆ ಇಡೀ ಫ್ರೇಮ್ ಹಳೇದಿರಬೇಕಿತ್ತು, ಬರೀ ಬಾಲ ಅಲ್ಲ.

ಬೆಳಗಾವಿ_ಬಿಟ್ಸ್:
ಊಹೆ ಮಾಡಿದೆ. ನೀವು ಮಾಡಿದ್ದೂ ಅದೇ ಅಲ್ವಾ?

ಹಿಂಜವಡಿ_ಗದಗಿನವ:
ಜಗಳ ಬೇಡ. ಕೊಹೆರೆಂಟ್ ಮೆಮೊರಿನೇ (ಕಾರ್ಡ್, ಸಿಪಿಯು ಎರಡಕ್ಕೂ ಒಂದೇ ಡೇಟಾ ಕಾಣೋದು) ತಗೊಂಡಿದ್ದೇನೆ, ಸಿಂಕ್ ಬೇಕಾಗಿಲ್ಲ.

ಬೆಳಗಾವಿ_ಬಿಟ್ಸ್:
ಇದನ್ನ ಮೊದಲೇ ಹೇಳಬಾರದಾ!

ಔಂಧ್_ಆಸಿಲೋಸ್ಕೋಪ್:
ಪವರ್ ನೋಡಿ. ಮಳೆಗಾಲದಲ್ಲಿ ಇಲ್ಲಿ ಕರೆಂಟ್ ಹೋಗಿ ಬಂದಾಗ ಬೋರ್ಡ್‌ಗಳು ಚಿತ್ರವಿಚಿತ್ರ ಆಡುತ್ತವೆ. ನನ್ನ ಬೆಂಚ್‌ನಲ್ಲಿ ನಾಲ್ಕು ಚಾನೆಲ್ ಸ್ಕೋಪ್, ಎರಡು ಯುಪಿಎಸ್ ಇವೆ. ಒಂದು ಬರೀ ಸ್ಕೋಪ್‌ಗೆ. ಫೋಟೋ ಹಾಕಲಾ?

ಸೊಲ್ಲಾಪುರ_ಸೋಲ್ಡರ್:
ಫೋಟೋ ಆಮೇಲೆ. ಗದಗಿನವರೇ, ಇಂಟರಪ್ಟ್ ಬಂದ ಮೇಲೆ ಸ್ಟೇಟಸ್ ರಿಜಿಸ್ಟರ್ (ಕಾರ್ಡಿನ ಸ್ಥಿತಿ ಹೇಳೋದು) ಓದುತ್ತೀರಾ? ಕಾರ್ಡ್ ಸರಿ ಇದ್ದರೆ ಆ ಓದಿನ ಉತ್ತರ ಮೊದಲು ಬರೆದ ಡೇಟಾವನ್ನ ದಾಟಿ ಬರುವ ಹಾಗಿಲ್ಲ. ಓದಿದ ಮೇಲೂ ಬಾಲ ಹಳೇದು ಅಂದರೆ, ಚಿಪ್ ಒಳಗೇ ಡೇಟಾ ಎಲ್ಲೋ ಕೂತಿದೆ. ಮುಗೀತು ಅಂತ ಸುಳ್ಳು ಹೇಳ್ತಿದೆ. ಒಂದು ಕೆಲಸ ಮಾಡಿ. ಪ್ರತಿ ಫ್ರೇಮ್ ಶುರುವಾಗೋ ಮುಂಚೆ ಕೊನೆಯ 64 ಬೈಟ್‌ಗೆ ಹೆಕ್ಸ್ 55 ತುಂಬಿ. ಇಂಟರಪ್ಟ್‌ನಲ್ಲಿ ಅದು ಎಷ್ಟು ಹೊತ್ತು 55 ಆಗೇ ಇರುತ್ತೆ ನೋಡಿ. ಓದುವಾಗ ರೀಡ್_ಒನ್ಸ್ ಹಾಕಿ, ಇಲ್ಲಾಂದ್ರೆ ಕಂಪೈಲರ್ ಜಾಣತನ ತೋರಿಸಿ, ಮತ್ತೆ ಓದದೆ ಹಳೇ ಬೆಲೆಯನ್ನೇ ಕೊಡಬಹುದು. ಹಾಗೇ ಎಲ್‌ಎಸ್‌ಪಿಸಿಐ (ಪಿಸಿಐ ಕಾರ್ಡ್‌ಗಳ ಪಟ್ಟಿ ಕೊಡೋ ಕಮಾಂಡ್) ತೋರಿಸೋ ಚಿಪ್ ರಿವಿಷನ್ ಹೇಳಿ.

ಹಿಂಜವಡಿ_ಗದಗಿನವ:
ರಾತ್ರಿ ಒಂದೂವರೆಗೆ ಸಿಕ್ಕಿತು. ಸ್ಟೇಟಸ್ ಓದುತ್ತಲೇ ಇದ್ದೆ. ಆದರೂ 55 ಮೂರು ನಾಲ್ಕು ಮೈಕ್ರೋಸೆಕೆಂಡ್ ಹಾಗೇ ಇತ್ತು, ಆಮೇಲೆ ಡೇಟಾ ಬಂತು. ಪ್ರಿಂಟ್‌ಕೆ ತಿನ್ನುತ್ತಿದ್ದ ಹೊತ್ತೇ ನನ್ನನ್ನು ಕಾಪಾಡುತ್ತಿತ್ತು. ರಿವಿಷನ್ 01. ಪಕ್ಕದ ಡೆಸ್ಕಿನ ಕಾರ್ಡ್ 02, ಅದರಲ್ಲಿ ಈ ತೊಂದರೆ ಇಲ್ಲ. ಆ ಎರಡನೇ ಕಾರ್ಡ್ ವಿಷಯ ಹೇಳಬೇಕು ಅಂತ ಹೊಳೆದಿರಲಿಲ್ಲ, ಕ್ಷಮಿಸಿ.

ಈಗ 01 ಆದರೆ ಮಾತ್ರ 55 ಹೋಗೋ ತನಕ ಒಂದೊಂದು ಮೈಕ್ರೋಸೆಕೆಂಡ್ ಬಿಟ್ಟು ನೋಡುತ್ತೇನೆ. 50 ಸಲ ಆದ ಮೇಲೆ ಬಿಟ್ಟುಬಿಡುತ್ತೇನೆ, ಚಿತ್ರದಲ್ಲೇ 55 ಇರಬಹುದಲ್ಲ.

ಕೋಥ್ರೂಡ್_ಕರ್ನಲ್:
ಎಎಸ್‌ಪಿಎಂ ಮತ್ತೆ ಆನ್ ಮಾಡಿದ್ರಾ?

ಪಿಂಪ್ರಿ_ಪಿಕ್ಸೆಲ್:
ನನ್ನ ಹತ್ತಿರವೂ ಇಂಥದ್ದೇ ಕಾರ್ಡ್, 02. ಆದರೆ ಮೊದಲ ಸಾಲೇ ಹಾಳು. ಇಲ್ಲೇ ಕೇಳಲಾ, ಬೇರೆ ಥ್ರೆಡ್ ತೆಗೆಯಲಾ?