ವಿಪಿಎನ್ ‘ಆಕ್ಟಿವ್’ ಎಂದು ತೋರಿಸುತ್ತಿದೆ, ಆದರೆ ಮುಖ್ಯ ಕಚೇರಿಯ ಸರ್ವರ್ ತೆರೆಯುತ್ತಿಲ್ಲ

ಸುಂಟಿಕೊಪ್ಪ ಲೆಕ್ಕಿಗ

ಎಲ್ಲರಿಗೂ ನಮಸ್ಕಾರ. ನಾನು ಸುಂಟಿಕೊಪ್ಪದ ಒಂದು ಕಾಫಿ ಖರೀದಿ ಕೇಂದ್ರದಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ನಮ್ಮ ಮುಖ್ಯ ಕಚೇರಿ ಮತ್ತು ಗೋದಾಮು ಕುಶಾಲನಗರದಲ್ಲಿದ್ದು, ಟ್ಯಾಲಿ (ಲೆಕ್ಕಪತ್ರದ ತಂತ್ರಾಂಶ) ಹಾಗೂ ಬೆಳೆಗಾರರ ಖಾತೆಯ ಕಡತಗಳೆಲ್ಲ ಅಲ್ಲಿನ ವಿಂಡೋಸ್ ಸರ್ವರ್‌ನಲ್ಲಿವೆ. ಇದುವರೆಗೆ ದಿನದ ತೂಕದ ಲೆಕ್ಕವನ್ನು ಪೆನ್‌ಡ್ರೈವ್‌ಗೆ ಹಾಕಿ, ಸಂಜೆ ಮೂಟೆ ಒಯ್ಯುವ ಜೀಪಿನ ಚಾಲಕರ ಕೈಯಲ್ಲಿ ಕೊಟ್ಟು ಕಳುಹಿಸುತ್ತಿದ್ದೆವು. ರೋಬಸ್ಟಾ ಕೊಯ್ಲು ಜೋರಾದ ಮೇಲೆ ಬೆಳೆಗಾರರು ಅಂದಿನ ಬಿಲ್ಲನ್ನು ಅಂದೇ ಕೇಳುತ್ತಿರುವುದರಿಂದ, ಮಾಲೀಕರು ಎರಡೂ ಕಚೇರಿಗಳ ನಡುವೆ ವಿಪಿಎನ್ (ಅಂತರ್ಜಾಲದ ಮೂಲಕವೇ ಎರಡು ಕಡೆಯನ್ನು ಬೆಸೆಯುವ ಗುಪ್ತ ದಾರಿ) ಹಾಕಿಸಲು ಹೇಳಿದರು.

ಕುಶಾಲನಗರದಲ್ಲಿ ಸ್ಥಿರ ಐಪಿ (ಬದಲಾಗದ ಅಂತರ್ಜಾಲ ವಿಳಾಸ) ಪಡೆದು, ಅಲ್ಲಿನ ರೂಟರ್‌ನಲ್ಲಿಯೇ ವೈರ್‌ಗಾರ್ಡ್ ಎಂಬ ವಿಪಿಎನ್ ತಂತ್ರಾಂಶ ಹೊಂದಿಸಿ, ಅದಕ್ಕಾಗಿ 51820ನೇ ಯುಡಿಪಿ ಪೋರ್ಟ್ (ಹೊರಗಿನಿಂದ ಒಳಬರುವ ಬಾಗಿಲು) ತೆರೆದಿದ್ದೇವೆ. ನನ್ನ ಕಂಪ್ಯೂಟರಿನಲ್ಲಿ ‘ಅಲೋಡ್ ಐಪೀಸ್’ ಎಂಬಲ್ಲಿ 192.168.1.0/24 ಎಂದು ಕೊಟ್ಟಿದ್ದೇನೆ, ಅಂದರೆ 192.168.1 ಎಂದು ಶುರುವಾಗುವ ವಿಳಾಸಗಳ ಇಡೀ ಸರಣಿ ವಿಪಿಎನ್ ಮೂಲಕ ಹೋಗಬೇಕು ಎಂದು. ಸರ್ವರ್‌ನ ವಿಳಾಸ 192.168.1.10. ವಿಪಿಎನ್ ಚಾಲೂ ಮಾಡಿದರೆ ಹಸಿರು ಗುರುತಿನೊಂದಿಗೆ ‘ಆಕ್ಟಿವ್’ ಎಂದು ಬರುತ್ತದೆ, ಆದರೆ ಸರ್ವರ್‌ನ ಫೋಲ್ಡರ್ ತೆರೆಯುವುದಿಲ್ಲ, ರಿಮೋಟ್ ಡೆಸ್ಕ್‌ಟಾಪ್ (ಸರ್ವರ್‌ನ ಪರದೆಯನ್ನು ದೂರದಿಂದ ಬಳಸುವ ಸೌಲಭ್ಯ) ಕೂಡ ಬರುವುದಿಲ್ಲ. ವಿಚಿತ್ರವೆಂದರೆ, ಕಚೇರಿಯ ಫೈಬರ್ ಸಂಪರ್ಕ ತೆಗೆದು ನನ್ನ ಫೋನಿನ ಹಾಟ್‌ಸ್ಪಾಟ್‌ಗೆ ಜೋಡಿಸಿದ ಕೂಡಲೇ ಎಲ್ಲವೂ ಸರಿಯಾಗಿ ತೆರೆದುಕೊಳ್ಳುತ್ತವೆ. ಫೈಬರ್ ಕಂಪನಿಯವರು ವಿಪಿಎನ್ ತಡೆಹಿಡಿಯುತ್ತಿದ್ದಾರೆಯೇ?

ಮಂಜಿನ ಮಡಿಕೇರಿ

ಖಂಡಿತ ಅವರೇ ತಡೆಯುತ್ತಿರಬೇಕು. ಒಮ್ಮೆ ವಿಂಡೋಸ್ ಫೈರ್‌ವಾಲ್ ಪೂರ್ತಿ ಆಫ್ ಮಾಡಿ ನೋಡಿ. ಅದರಿಂದಲೂ ಆಗದಿದ್ದರೆ ವಿಪಿಎನ್ ಗೊಡವೆಯೇ ಬೇಡ. ಕುಶಾಲನಗರದ ರೂಟರ್‌ನಲ್ಲಿ ರಿಮೋಟ್ ಡೆಸ್ಕ್‌ಟಾಪ್‌ನ 3389ನೇ ಪೋರ್ಟ್ ತೆರೆದುಬಿಟ್ಟರೆ ನೇರವಾಗಿ ಒಳಗೆ ಹೋಗಬಹುದು.

ಹಳೇ ರೂಟರ್, ವಿರಾಜಪೇಟೆ

3389ನೇ ಪೋರ್ಟನ್ನು ಅಂತರ್ಜಾಲಕ್ಕೆ ನೇರವಾಗಿ ತೆರೆಯುವ ಸಲಹೆಯನ್ನು ದಯವಿಟ್ಟು ಪಾಲಿಸಬೇಡಿ. ಆ ಪೋರ್ಟನ್ನು ಹುಡುಕಿಕೊಂಡು ಹಗಲೂ ರಾತ್ರಿ ಪಾಸ್‌ವರ್ಡ್ ಊಹಿಸುವ ಯಂತ್ರಗಳಿವೆ. ಲೆಕ್ಕದ ಕಡತಗಳಿಗೆ ಬೀಗ ಜಡಿದು ಹಣ ಕೇಳುವವರು ಒಳಗೆ ಬರುವ ಮಾಮೂಲಿ ದಾರಿಗಳಲ್ಲಿ ಇದೂ ಒಂದು. ಫೈರ್‌ವಾಲ್ ಅನ್ನೂ ಮುಟ್ಟಬೇಡಿ. ಹಾಟ್‌ಸ್ಪಾಟ್‌ನಲ್ಲಿ ಕೆಲಸ ಮಾಡುತ್ತದೆ ಎಂದರೆ ಕೀಲಿಗಳು, ಪೋರ್ಟ್, ಸರ್ವರ್‌ನ ಅನುಮತಿಗಳು ಎಲ್ಲವೂ ಸರಿಯಾಗಿವೆ ಎಂದೇ ಅರ್ಥ.

ವೈರ್‌ಗಾರ್ಡ್‌ನಲ್ಲಿ ‘ಆಕ್ಟಿವ್’ ಎಂಬ ಮಾತಿಗೆ ಹೆಚ್ಚು ಬೆಲೆ ಕೊಡಬೇಕಾಗಿಲ್ಲ. ಆ ತುದಿಯಲ್ಲಿ ಯಾರೂ ಇಲ್ಲದಿದ್ದರೂ ಅದು ಹಸಿರಾಗಿಯೇ ಇರುತ್ತದೆ, ಏಕೆಂದರೆ ನಿಮ್ಮ ಕಂಪ್ಯೂಟರಿನ ಬದಿಯ ಬಾಗಿಲು ತೆರೆದಿದೆ ಎಂಬುದನ್ನಷ್ಟೇ ಅದು ಹೇಳುತ್ತದೆ. ಅದೇ ಕಿಟಕಿಯಲ್ಲಿ ಕೆಳಗೆ ‘ಲೇಟೆಸ್ಟ್ ಹ್ಯಾಂಡ್‌ಶೇಕ್’ (ಎರಡು ತುದಿಗಳು ಕೊನೆಯ ಬಾರಿ ಪರಸ್ಪರ ಗುರುತಿಸಿಕೊಂಡದ್ದು) ಎಂಬ ಸಾಲಿದೆಯೇ, ಅಲ್ಲಿ ಎಷ್ಟು ಹೊತ್ತಿನ ಹಿಂದೆ ಎಂದು ತೋರಿಸುತ್ತದೆ ಎಂಬುದನ್ನು ನೋಡಿ. ಬಳಿಕ ಫೈಬರ್‌ನಲ್ಲಿ ಒಮ್ಮೆ, ಹಾಟ್‌ಸ್ಪಾಟ್‌ನಲ್ಲಿ ಒಮ್ಮೆ 192.168.1.10ಕ್ಕೆ ಪಿಂಗ್ ಮಾಡಿ (ಉತ್ತರ ಬರುತ್ತದೆಯೇ ಎಂದು ನೋಡಲು ಸಣ್ಣ ಸಂದೇಶ ಕಳುಹಿಸಿ), ಬಂದ ಉತ್ತರವನ್ನು ಅಕ್ಷರಶಃ ಇಲ್ಲಿ ಬರೆಯಿರಿ. ಸಮಯ ಮತ್ತು ಟಿಟಿಎಲ್ (ದಾರಿಯಲ್ಲಿ ದಾಟಿದ ಪ್ರತಿ ರೂಟರ್‌ಗೆ ಒಂದೊಂದು ಕಡಿಮೆಯಾಗುವ ಎಣಿಕೆ), ಈ ಎರಡು ಅಂಕೆಗಳನ್ನು ಮಾತ್ರ ಬಿಡಬೇಡಿ.

ಸುಂಟಿಕೊಪ್ಪ ಲೆಕ್ಕಿಗ

ಹ್ಯಾಂಡ್‌ಶೇಕ್ ಎರಡರಲ್ಲೂ ಇದೆ. ಫೈಬರ್‌ನಲ್ಲಿ ‘48 ಸೆಕೆಂಡುಗಳ ಹಿಂದೆ’ ಎಂದು ತೋರಿಸಿತು. ಪಿಂಗ್‌ಗೂ ಎರಡು ಕಡೆ ಉತ್ತರ ಬಂದಿರುವುದರಿಂದ ನನಗೆ ಇನ್ನಷ್ಟು ಗೊಂದಲವಾಗಿದೆ. ಹಾಟ್‌ಸ್ಪಾಟ್‌ನಲ್ಲಿ ಸಮಯ 41 ಮಿಲಿಸೆಕೆಂಡ್, ಟಿಟಿಎಲ್ 127. ಫೈಬರ್‌ನಲ್ಲಿ ಸಮಯ 1 ಮಿಲಿಸೆಕೆಂಡ್‌ಗಿಂತ ಕಡಿಮೆ, ಟಿಟಿಎಲ್ 64. ಫೈಬರ್ ವೇಗವಾಗಿದೆ ಎಂದು ಇದರಿಂದ ತಿಳಿಯಬಹುದಲ್ಲವೇ?

ಹಳೇ ರೂಟರ್, ವಿರಾಜಪೇಟೆ

ವೇಗವಲ್ಲ, ಉತ್ತರ ಕೊಡುತ್ತಿರುವ ಯಂತ್ರವೇ ಬೇರೆ. ಗೂಢಲಿಪಿಯಾಗಿ ಸುತ್ತಿಕೊಂಡು, ನಿಮ್ಮ ರೂಟರ್ ದಾಟಿ, ಕಂಪನಿಯ ಜಾಲದಲ್ಲಿ ಸುತ್ತಿ, ಕುಶಾಲನಗರದ ರೂಟರ್‌ನಲ್ಲಿ ಬಿಚ್ಚಿಕೊಂಡು ಹೋಗಿ ಬರುವ ಒಂದು ಪ್ಯಾಕೆಟ್ ಒಂದು ಮಿಲಿಸೆಕೆಂಡಿನೊಳಗೆ ಮರಳುವುದು ಸಾಧ್ಯವೇ ಇಲ್ಲ. ಅಷ್ಟು ಬೇಗ ಉತ್ತರಿಸುವ ಯಂತ್ರ ನಿಮ್ಮ ಕೋಣೆಯಲ್ಲೇ ಎಲ್ಲೋ ಇರಬೇಕು. ವಿಂಡೋಸ್ ಯಂತ್ರ ಸಾಮಾನ್ಯವಾಗಿ ಟಿಟಿಎಲ್ ಅನ್ನು 128ರಿಂದ ಆರಂಭಿಸುತ್ತದೆ, ದಾರಿಯಲ್ಲಿ ಒಂದು ರೂಟರ್ ದಾಟಿದರೆ 127 ಆಗುತ್ತದೆ. ಹಾಟ್‌ಸ್ಪಾಟ್‌ನಲ್ಲಿ ನಿಮಗೆ ಬಂದದ್ದು ಅದೇ. 64ರಿಂದ ಆರಂಭಿಸುವುದು ಲಿನಕ್ಸ್ ಮೂಲದ ಸಾಧನಗಳ ರೂಢಿ. ವಿಪಿಎನ್ ಆಫ್ ಮಾಡಿ, ಫೈಬರ್‌ನಲ್ಲಿ ಇರುವಾಗಲೇ ಬ್ರೌಸರ್‌ನಲ್ಲಿ 192.168.1.10 ಎಂದು ಹೊಡೆದು ಏನು ಬರುತ್ತದೆ ನೋಡಿ.

ಸುಂಟಿಕೊಪ್ಪ ಲೆಕ್ಕಿಗ

ಕಣಕ್ಕೆ ಹಾಕಿರುವ ಕ್ಯಾಮೆರಾಗಳ ಡಿವಿಆರ್‌ನ (ದೃಶ್ಯ ದಾಖಲಿಸುವ ಪೆಟ್ಟಿಗೆಯ) ಲಾಗಿನ್ ಪುಟ ಬಂತು! ಮೂರು ದಿನಗಳಿಂದ ನಾನು ಡಿವಿಆರ್‌ನಲ್ಲಿ ಟ್ಯಾಲಿ ಹುಡುಕುತ್ತಿದ್ದೆ ಎಂದಾಯಿತು.

ಹಳೇ ರೂಟರ್, ವಿರಾಜಪೇಟೆ

ಈ ತೊಡಕಿಗೆ ಸಿಕ್ಕಿದವರಲ್ಲಿ ನೀವು ಮೊದಲಿಗರಲ್ಲ, ನಾನೂ ಒಮ್ಮೆ ಒಂದು ಇಡೀ ಭಾನುವಾರವನ್ನು ಇದಕ್ಕೇ ಕಳೆದಿದ್ದೇನೆ. ಅಂಗಡಿಯಿಂದ ತಂದ ರೂಟರ್‌ಗಳಲ್ಲಿ ಹೆಚ್ಚಿನವು 192.168.0 ಅಥವಾ 192.168.1 ಸರಣಿಯಲ್ಲಿಯೇ ಬರುತ್ತವೆ, ಹಾಗಾಗಿ ನಿಮ್ಮ ಎರಡೂ ಕಚೇರಿಗಳಿಗೆ ಒಂದೇ ಸರಣಿ ಬಿದ್ದಿದೆ. ಊರಿನಲ್ಲೇ ಹತ್ತನೇ ನಂಬರಿನ ಮನೆ ಇರುವಾಗ ಅಂಚೆಯವರು ಕಾಗದವನ್ನು ಪಕ್ಕದೂರಿಗೆ ಒಯ್ಯುವುದಿಲ್ಲ. ಒಂದೇ ಸರಣಿಗೆ ಎರಡು ದಾರಿಗಳಿದ್ದಾಗ ವಿಂಡೋಸ್ ಮೆಟ್ರಿಕ್ (ದಾರಿಗೆ ಕೊಟ್ಟ ಆದ್ಯತೆಯ ಅಂಕೆ) ಕಡಿಮೆ ಇರುವ ದಾರಿಯನ್ನು ಆರಿಸುತ್ತದೆ, ನಿಮ್ಮಲ್ಲಿ ಸ್ಥಳೀಯ ಜಾಲ ಗೆದ್ದಿದೆ. ಫೋನಿನ ಹಾಟ್‌ಸ್ಪಾಟ್ ಬೇರೆ ಸರಣಿ ಕೊಡುವುದರಿಂದ ಅಲ್ಲಿ ಈ ಜಗಳವೇ ಇರಲಿಲ್ಲ. ಫೈಬರ್ ಕಂಪನಿಯವರು ಈ ವಿಷಯದಲ್ಲಿ ನಿರಪರಾಧಿಗಳು.

ಇವತ್ತಿನ ಬಿಲ್ಲುಗಳು ಹೋಗಬೇಕಾದರೆ, ‘ಅಲೋಡ್ ಐಪೀಸ್’ನಲ್ಲಿರುವ 192.168.1.0/24 ಅಳಿಸಿ 192.168.1.10/32 ಎಂದು ಬರೆಯಿರಿ. /32 ಎಂದರೆ ಒಂದೇ ಒಂದು ವಿಳಾಸ. ಹೆಚ್ಚು ನಿಖರವಾದ ದಾರಿಗೆ ಮೆಟ್ರಿಕ್ ನೋಡದೆ ಮೊದಲ ಮನ್ನಣೆ ಸಿಗುವುದರಿಂದ, ಆ ವಿಳಾಸ ವಿಪಿಎನ್ ಮೂಲಕವೇ ಹೋಗುತ್ತದೆ. ವಿಪಿಎನ್ ಚಾಲೂ ಇರುವಾಗ ನಿಮ್ಮ ಕಂಪ್ಯೂಟರಿನಿಂದ ಡಿವಿಆರ್ ಕಾಣುವುದಿಲ್ಲ, ಅಷ್ಟೇ.

ಶಾಶ್ವತ ಪರಿಹಾರವೆಂದರೆ ಒಂದು ಕಚೇರಿಯ ಸರಣಿಯನ್ನೇ ಬದಲಿಸುವುದು. ಸರ್ವರ್ ಇರುವ ಕುಶಾಲನಗರವನ್ನು ಮುಟ್ಟುವುದಕ್ಕಿಂತ, ನಾಲ್ಕೈದು ಸಾಧನಗಳಷ್ಟೇ ಇರುವ ನಿಮ್ಮ ಶಾಖೆಯನ್ನು ಬದಲಿಸುವುದೇ ಜಾಣತನ. ರೂಟರ್‌ನ ಲ್ಯಾನ್ (ಕಚೇರಿಯೊಳಗಿನ ಜಾಲದ) ವಿಳಾಸವನ್ನು 192.168.47.1 ಎಂದೋ, ಯಾರೂ ಸುಲಭವಾಗಿ ಬಳಸದ ಇನ್ನೊಂದು ಸಂಖ್ಯೆಗೋ ಬದಲಿಸಿ. ಮುಂದೆ ಸಿದ್ದಾಪುರದಲ್ಲೋ ಗೋಣಿಕೊಪ್ಪದಲ್ಲೋ ಶಾಖೆ ತೆರೆದರೆ ಅದಕ್ಕೆ 48, 49 ಎಂದು ಬೇರೆ ಬೇರೆ ಕೊಡಿ. ಆದರೆ ರೂಟರ್ ಮುಟ್ಟುವ ಮೊದಲೇ, ಸ್ಥಿರ ವಿಳಾಸ ಕೊಟ್ಟಿರುವ ಪ್ರತಿಯೊಂದು ಸಾಧನವನ್ನೂ ಪಟ್ಟಿ ಮಾಡಿ ಅವುಗಳ ವಿಳಾಸ ಬದಲಿಸಿಕೊಳ್ಳಿ. ಇಲ್ಲದಿದ್ದರೆ ಅವು ಹಳೆಯ ಸರಣಿಯಲ್ಲೇ ಉಳಿದು ಯಾರ ಕೈಗೂ ಸಿಗುವುದಿಲ್ಲ.

ಇನ್ನೊಂದು ವಿಷಯ, ನೀವು ಕೇಳದಿದ್ದರೂ ಹೇಳುತ್ತಿದ್ದೇನೆ. ಸಂಪರ್ಕ ಸರಿಯಾದ ಮೇಲೆ ಟ್ಯಾಲಿಯ ಡೇಟಾ ಫೋಲ್ಡರನ್ನು ವಿಪಿಎನ್ ಮೂಲಕ ನಿಮ್ಮ ಕಂಪ್ಯೂಟರಿನಲ್ಲಿ ನೇರವಾಗಿ ತೆರೆಯಬೇಡಿ. ನಮ್ಮಲ್ಲಿ ಒಂದು ಮರದ ಕೊಂಬೆ ಬಿದ್ದರೆ ಕರೆಂಟೂ ಹೋಗುತ್ತದೆ, ಫೈಬರ್ ಕೂಡ ತುಂಡಾಗುತ್ತದೆ. ವೋಚರ್ ಬರೆಯುತ್ತಿರುವಾಗ ಮಧ್ಯದಲ್ಲಿ ಸಂಪರ್ಕ ಕಡಿದರೆ ಡೇಟಾ ಕೆಡುವ ಅಪಾಯವಿದೆ. ವಿಪಿಎನ್ ಒಳಗಿನಿಂದ ರಿಮೋಟ್ ಡೆಸ್ಕ್‌ಟಾಪ್ ಬಳಸಿ ಸರ್ವರ್‌ನಲ್ಲೇ ಟ್ಯಾಲಿ ತೆರೆದರೆ, ಲೈನ್ ಹೋದರೂ ಅಲ್ಲಿ ತೆರೆದಿರುವ ಕೆಲಸ ಹಾಗೆಯೇ ಇರುತ್ತದೆ.

ಮಂಜಿನ ಮಡಿಕೇರಿ

ಪೋರ್ಟ್ ತೆರೆಯುವ ನನ್ನ ಸಲಹೆಯನ್ನು ಹಿಂದಕ್ಕೆ ಪಡೆಯುತ್ತೇನೆ. ನಮ್ಮ ಕಚೇರಿಯಲ್ಲೂ ಅದನ್ನು ತೆರೆದೇ ಇಟ್ಟಿದ್ದೆವು, ಇಂದು ಮುಚ್ಚಿಸಿದೆ.

ಸುಂಟಿಕೊಪ್ಪ ಲೆಕ್ಕಿಗ

ಅಂದೇ /32 ಮಾಡಿದ ತಕ್ಷಣ ಸರ್ವರ್ ತೆರೆದುಕೊಂಡಿತು, ಪಿಂಗ್‌ನಲ್ಲಿ ಟಿಟಿಎಲ್ 127 ಬಂತು. ಭಾನುವಾರ ಖರೀದಿ ಇಲ್ಲದ ಹೊತ್ತಿನಲ್ಲಿ ರೂಟರ್ ಅನ್ನು 47ನೇ ಸರಣಿಗೆ ಬದಲಿಸಿದೆ. ಡಿವಿಆರ್ ನೆನಪಿಟ್ಟುಕೊಂಡು ಮೊದಲೇ ಬದಲಿಸಿದ್ದೆ, ಆದರೆ ತೂಕದ ಚೀಟಿಯ ಪ್ರಿಂಟರ್ ಮರೆತೇಹೋಗಿತ್ತು. ಸೋಮವಾರ ಬೆಳಿಗ್ಗೆ ಮೊದಲ ಜೀಪು ಬಂದು, ಹನ್ನೆರಡು ಚೀಲ ಚೆರ್ರಿ ತೂಕವಾಗಿ, ಬೆಳೆಗಾರರು ಎದುರಿಗೆ ನಿಂತಿರುವಾಗ ಚೀಟಿ ಬರಲಿಲ್ಲ. ಹಾಳೆಯ ಮೇಲೆ ಕೈಯಲ್ಲೇ ಬರೆದು ಸಹಿ ಹಾಕಿ ಕೊಟ್ಟೆ. ಬಳಿಕ ಪ್ರಿಂಟರ್‌ಗೆ 192.168.47.50 ಕೊಟ್ಟು, ವಿಂಡೋಸ್‌ನ ಪ್ರಿಂಟರ್ ಪ್ರಾಪರ್ಟೀಸ್‌ನಲ್ಲಿ ಪೋರ್ಟ್ಸ್ ಎಂಬಲ್ಲಿ ಹಳೆಯ ವಿಳಾಸ ತೆಗೆದು ಹೊಸದನ್ನು ಹಾಕಿದ ಮೇಲೆ ಸರಿಯಾಯಿತು. ಟ್ಯಾಲಿಯನ್ನು ರಿಮೋಟ್ ಡೆಸ್ಕ್‌ಟಾಪ್‌ನಲ್ಲಿಯೇ ಬಳಸುತ್ತಿದ್ದೇವೆ. ನಿನ್ನೆ ಸಂಜೆ ಕರೆಂಟ್ ಹೋಗಿ ಬಂದಾಗ ಅರ್ಧ ಬರೆದಿದ್ದ ವೋಚರ್ ಹಾಗೆಯೇ ತೆರೆದಿತ್ತು.